ಭಾವನ ಗಾಳಿ ವಾದ್ಯ

ನಮ್ಮ ಭಾವ ಸುಳ್ಳು ಹೇಳಿದರು ಅಂತ ಇವತ್ತಿಗೂ ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಒಂದು ವಾರದಲ್ಲಿ ಅವರ ಬಾಯಿಂದ ಬಂದ ಮಾತುಗಳನ್ನೆಲ್ಲ ನಾನು ಒಂದೊಂದಾಗಿ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ನೋಡಿದ್ದೇನೆ. ನಾನು ಗಡಿಯಾರ ರಿಪೇರಿಯವನು, ನನಗೆ ಬರುವುದು ಅದೊಂದೇ. ಹುಡುಕಿದರೂ ಒಂದು ಸುಳ್ಳು ಸಿಗಲಿಲ್ಲ. ಬರೀ ಸತ್ಯವನ್ನೇ ಹೇಳುತ್ತ ಒಬ್ಬ ಮನುಷ್ಯ ಎಂಥ ಗೋಜಲಿನಲ್ಲಿ ಸಿಕ್ಕಿಬೀಳಬಹುದು ಎನ್ನುವುದನ್ನು ತೋರಿಸಿಕೊಟ್ಟ ಕೀರ್ತಿ ಅವರದು.

ಭಾವ ಅಂದರೆ ನಮ್ಮಕ್ಕನ ಗಂಡ. ಪುರಭವನದ ಕಚೇರಿಯಲ್ಲಿ ಎರಡನೇ ಗುಮಾಸ್ತ. ಸಾವಿರದಿನ್ನೂರು ಜನ ಕೂರುವ, ಒಂದೇ ಒಂದು ಕಿಟಕಿಯಿಲ್ಲದ ಸಭಾಂಗಣ ಅದು. ಬೀದಿಯ ಸದ್ದು ಒಳಗೆ ಬರಬಾರದೆಂದು ಕಟ್ಟಿದವರು ನಾಲ್ಕೂ ಕಡೆ ಗೋಡೆ ಎಬ್ಬಿಸಿಬಿಟ್ಟರು. ಆಮೇಲೆ ಜನ ಉಸಿರಾಡಲೂಬೇಕಲ್ಲ ಎಂದು ನೆನಪಾಗಿ, ನೆಲಮಾಳಿಗೆಯಲ್ಲಿ ಒಂದು ಗಾಳಿ ಯಂತ್ರ ಕೂರಿಸಿದರು. ಹಸಿರು ಬಣ್ಣದ್ದು, ಒಂದು ಕೋಣೆಯಷ್ಟು ದೊಡ್ಡದು. ಇಪ್ಪತ್ತೆರಡು ವರ್ಷದಿಂದ ಅದರ ಉಸ್ತುವಾರಿ ಭಾವನದು. ಸಭಾಂಗಣದಲ್ಲಿ ಏನು ನಡೆದರೂ ಭಾವ ನೆಲದಡಿಯಲ್ಲಿ. ಗಂಟೆಗೊಮ್ಮೆ ಯಂತ್ರದ ಮೈ ಮುಟ್ಟಿ ನೋಡಿ ರಿಜಿಸ್ಟರಿನಲ್ಲಿ "ಸರಿಯಿದೆ" ಅಂತ ಬರೆಯುವುದು ಅವರ ಕೆಲಸ. ಮೇಲೆ ಎಂಥೆಂಥ ವಿದ್ವಾಂಸರು ಬಂದು ಹಾಡಿ ಹೋದರೂ ಭಾವನಿಗೆ ಕೇಳಿಸಿದ್ದು ಬರೀ ಗುಂಯ್.

ನಮ್ಮಪ್ಪ ನಿವೃತ್ತ ಹೆಡ್‌ಮಾಸ್ಟರು. ಅಕ್ಕನ ಮನೆಯ ಎದುರು ಬಾಗಿಲಿನಲ್ಲೇ ನನ್ನ ಜೊತೆ ಇದ್ದಾರೆ. ಅಳಿಯನ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು "ಎಲ್ಲೋ ಏನೋ ಬರೀತಾನೆ" ಎನ್ನುವಷ್ಟು ಮಾತ್ರ. ಮದುವೆಯ ದಿನ ಭಾವ ತಪ್ಪಿ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟಿದ್ದರು. ಅವತ್ತಿನಿಂದ ಅಪ್ಪ ಅವರನ್ನು ಕರೆಯುತ್ತಿದ್ದದ್ದು ಒಂದೇ ರೀತಿ. "ಆ ಮನುಷ್ಯ ಬಂದನಾ?" "ಆ ಮನುಷ್ಯನಿಗೆ ಹೇಳು, ನಲ್ಲಿ ಸೋರ್ತಿದೆ."

ಹೀಗಿರುವಾಗ ಒಂದು ಸೋಮವಾರ ಬೆಳಗ್ಗೆ ಭಾವ ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಮೇಲಿನ ಮನೆಯ ಬಸ್ ಕಂಡಕ್ಟರ್ ಪಾಳಿ ಮುಗಿಸಿ ಹತ್ತುತ್ತಿದ್ದರು.

"ಏನ್ ಸಾರ್, ಭಾನುವಾರ ಬಿಡುವಾ? ನಾಲ್ಕು ಆಟ ಇಸ್ಪೀಟು ಹಾಕೋಣ್ವಾ?"

"ಎಲ್ಲಿ ಬಿಡುವು ಬಂತು ಮಾರಾಯ್ರೆ. ಭಾನುವಾರ ನಂಗೆ ಕಚೇರಿ ಇದೆ."

ಇಲ್ಲಿ ನಮ್ಮ ಭಾಷೆಯದೂ ಸ್ವಲ್ಪ ತಪ್ಪಿದೆ. ಗುಮಾಸ್ತ ಫೈಲು ತಿರುವಿಹಾಕುವ ಜಾಗಕ್ಕೂ ಕಚೇರಿ, ವಿದ್ವಾಂಸರು ಹಾಡುವುದಕ್ಕೂ ಕಚೇರಿ. ಎರಡಕ್ಕೂ ಒಂದೇ ಮಾತನ್ನು ಹಿರಿಯರು ಯಾಕಿಟ್ಟರೋ ಗೊತ್ತಿಲ್ಲ. ಎರಡು ಕಡೆಯೂ ಜನ ತೂಕಡಿಸುತ್ತಾರೆ ಎಂಬ ಕಾರಣಕ್ಕೇ ಇದ್ದರೂ ಇರಬಹುದು. ಕಂಡಕ್ಟರ್ ಅವತ್ತು ಬೆಳಗ್ಗೆ ತಾನೆ ತಮ್ಮ ಬಸ್ಸಿನ ಹಿಂಭಾಗದಲ್ಲಿ ಹೊಸ ಪೋಸ್ಟರ್ ನೋಡಿದ್ದರು. ಭಾನುವಾರ ಸಂಜೆ ನಾಲ್ಕಕ್ಕೆ ಪುರಭವನದಲ್ಲಿ ಎಂಬತ್ತು ಜನರ ಮಹಾ ವಾದ್ಯವೃಂದ, ಪಾಶ್ಚಾತ್ಯ ಸಂಗೀತದ ಶಾಸ್ತ್ರೀಯ ಮತ್ತು ರೊಮ್ಯಾಂಟಿಕ್ ಕಾಲದ ಸಿಂಫನಿಗಳು ಅಂತ ಅದರಲ್ಲಿತ್ತು.

"ಪುರಭವನದ ಕಚೇರಿನಾ? ನಾಲ್ಕು ಗಂಟೆದಾ? ಅದ್ರಲ್ಲಿ ನೀವೂ ಇದ್ದೀರಾ ಸಾರ್?"

"ನಾನಿಲ್ದೆ ಹೇಗ್ರೀ ಆಗುತ್ತೆ? ಇಪ್ಪತ್ತೆರಡು ವರ್ಷದಿಂದ ನಾನೇ ತಾನೆ ಇರೋದು."

"ಇಪ್ಪತ್ತೆರಡು ವರ್ಷ! ಯಾರ ಹತ್ರನೂ ಹೇಳ್ಕೊಂಡಿಲ್ವಲ್ಲ ಸಾರ್!"

"ಅದ್ರಲ್ಲಿ ಹೇಳ್ಕೊಳ್ಳೋದೇನಿದೆ?" ಎಂದು ಭಾವ ಗಡಿಯಾರ ನೋಡಿಕೊಂಡು ಇಳಿದು ಹೋದರು.

ಅವರ ಆ ವಿನಯ ಕಂಡು ಕಂಡಕ್ಟರ್ ಗೋಡೆಗೊರಗಿ ನಿಂತುಬಿಟ್ಟರು. ಭಾವ ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಸುದ್ದಿ ಮೂರೂ ಮಹಡಿ ಹತ್ತಿ ಇಳಿದಿತ್ತು.

ಸಂಜೆ ಭಾವ ವಾಪಸು ಬಂದಾಗ ನಮ್ಮ ಮನೆ ಬಾಗಿಲು ತೆರೆದಿತ್ತು. ಒಳಗೆ ಕಂಡಕ್ಟರ್, ಕೆಳಗಿನ ಮನೆಯ ದರ್ಜಿ, ದರ್ಜಿಯ ಹೆಂಡತಿ ಸೇರಿದ್ದರು. ನಡುವೆ ಅಪ್ಪ. ಭಾವ ಎಂದಿನಂತೆ ತಲೆ ತಗ್ಗಿಸಿ ತಮ್ಮ ಬಾಗಿಲಿನ ಕಡೆಗೆ ಹೊರಟಾಗ ಅಪ್ಪ ಎದ್ದು ಬಂದು ತಾವೇ ಒಂದು ಕುರ್ಚಿ ಎಳೆದು ಹಾಕಿದರು.

"ಬನ್ನಿ ಅಳಿಯಂದಿರೇ. ಕೂತ್ಕೊಳ್ಳಿ."

ಭಾವ ಹಿಂದಕ್ಕೆ ತಿರುಗಿ ನೋಡಿದರು, ಬೇರೆ ಯಾರಾದರೂ ಅಳಿಯಂದಿರು ಬಂದಿದ್ದಾರೇನೋ ಅಂತ. ಯಾರೂ ಇರಲಿಲ್ಲ. ಕೂತರು.

"ಭಾನುವಾರದ ಕಚೇರಿ ವಿಷಯ ಈಗ ಗೊತ್ತಾಯ್ತು," ಎಂದರು ಅಪ್ಪ. "ಇಷ್ಟು ವರ್ಷ ನಾವು ವಿಚಾರಿಸ್ಲಿಲ್ಲ, ಅದು ನಮ್ಮ ತಪ್ಪು. ಇರ್ಲಿ. ತಾವು ಯಾವ ವಿಭಾಗ? ತಂತಿನೋ, ಗಾಳಿನೋ, ಚರ್ಮನೋ?"

ತಮ್ಮ ಕೆಲಸದ ಬಗ್ಗೆ ಮಾವನವರು ಕೇಳಿದ್ದು ಅದೇ ಮೊದಲು. ಭಾವ ಹಿಂದೆ ಮುಂದೆ ನೋಡಲಿಲ್ಲ. "ಗಾಳಿ," ಅಂದುಬಿಟ್ಟರು.

"ಗಾಳಿ ವಾದ್ಯ!" ದರ್ಜಿ ಹೆಂಡತಿಯ ಕಡೆ ನೋಡಿದ. "ಸಣ್ಣದಾ ಸಾರ್, ದೊಡ್ಡದಾ?"

"ದೊಡ್ಡದೇ. ಸುಮಾರು ಈ ಕೋಣೆಯಷ್ಟಿದೆ."

ಎಲ್ಲರೂ ಕೋಣೆಯನ್ನು ಒಂದು ಸುತ್ತು ನೋಡಿದರು.

"ಈ ಕೋಣೆಯಷ್ಟು!" ಎಂದರು ಕಂಡಕ್ಟರ್. "ಊದಕ್ಕೆ ಎದೆ ಗಟ್ಟಿ ಇರ್ಬೇಕಲ್ಲ ಸಾರ್?"

"ಇಲ್ಲ ಇಲ್ಲ. ನಾವು ಶುರು ಮಾಡಿಕೊಟ್ರೆ ಸಾಕು, ಅದೇ ಊದುತ್ತೆ."

ಇಷ್ಟು ಹೇಳಿದ ಮೇಲೆ ಭಾವನಿಗೆ ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸಿತಂತೆ. ಅವರ ತಲೆಗೆ ಹೊಳೆಯುವುದು ಸ್ವಲ್ಪ ನಿಧಾನ. ಹೊಳೆದಾಗ ಬಾಯಿ ತೆರೆದರು. ಅಷ್ಟರಲ್ಲಿ ಅಪ್ಪ ತಮ್ಮ ಕೈಯಾರೆ ಚಹಾದ ಲೋಟ ತಂದು ಅವರ ಕೈಯಲ್ಲಿಟ್ಟು, ಕೊಂಚ ಸಂಕೋಚದಿಂದ ತಗ್ಗಿದ ದನಿಯಲ್ಲಿ ಕೇಳಿದರು: "ಅದೇನೋ ರೊಮ್ಯಾಂಟಿಕ್ ಅಂತ ಇದೆಯಂತಲ್ಲ. ಮನೆ ಮಂದಿಯೆಲ್ಲ ಕೂತು ನೋಡೋ ಹಾಗೇ ಇದೆ ತಾನೆ?"

"ಬರೀ ಸಂಗೀತ ಮಾವ," ಎಂದರು ಭಾವ. ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ ಮಾವ ಕೊಟ್ಟ ಚಹಾ. ತೆರೆದ ಬಾಯಿಂದ ಅದನ್ನೇ ಕುಡಿದರು.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕ ತರಾಟೆಗೆ ತೆಗೆದುಕೊಂಡಳು. "ಸಿಳ್ಳೆ ಹೊಡಿಯೋಕೂ ಬರದ ಗಂಡಸು ನೀವು. ಯಾವ ಮುಖ ಇಟ್ಕೊಂಡು ಗಾಳಿ ವಾದ್ಯ ಅಂದ್ರಿ?"

"ನಾನು ವಾದ್ಯ ಅನ್ಲಿಲ್ಲ ಕಣೇ. ಗಾಳಿ ಅಂದೆ, ಅಷ್ಟೆ. ವಾದ್ಯ ಅಂದಿದ್ದು ದರ್ಜಿ."

"ಬೆಳಗಾಗ್ತಿದ್ದ ಹಾಗೆ ಅಪ್ಪನ ಹತ್ರ ನಿಜ ಹೇಳ್ಬಿಡಿ."

"ಹೇಳ್ತೀನಿ. ಆದ್ರೆ ಒಂದು ದಿನ... ಒಂದೇ ಒಂದು ದಿನ ಅಳಿಯಂದಿರು ಅಂತ ಅನ್ನಿಸಿಕೊಳ್ತೀನಿ. ನಾಡಿದ್ದು ಹೇಳ್ತೀನಿ."

ಅಕ್ಕ ಏನೋ ಹೇಳಹೊರಟವಳು ಗಂಡನ ಮುಖ ನೋಡಿ ಸುಮ್ಮನಾದಳು. ಅದೇ ತಪ್ಪಾಯಿತು. ಆ ಒಂದು ದಿನದಲ್ಲಿ ಅಪ್ಪ ಫೋನು ಕೈಗೆತ್ತಿಕೊಂಡಿದ್ದರು.

ಅಪ್ಪನ ಹಳೆಯ ಶಿಷ್ಯರೊಬ್ಬರು ಈಗ ನಗರದ ಆಯುಕ್ತರು. ಇಡೀ ನಗರ ಅವರ ಮುಂದೆ ನಿಂತು ಮಾತಾಡುತ್ತದೆ. ಅವರು ಮಾತ್ರ ಅಪ್ಪನ ದನಿ ಕೇಳಿದ ಕೂಡಲೇ ಫೋನು ಕಿವಿಗಿಟ್ಟುಕೊಂಡೇ ಕುರ್ಚಿಯಿಂದ ಎದ್ದು ನಿಂತರಂತೆ.

"ಭಾನುವಾರ ನಮ್ಮ ಅಳಿಯಂದಿರ ಕಚೇರಿ. ಗಾಳಿ ವಾದ್ಯ. ನೀನು ಬರ್ಬೇಕು. ಒಳಗೆ ಬಂದ್ಮೇಲೆ ಪಿಸುಪಿಸು ಮಾತಾಡ್ಕೂಡದು."

"ಇಲ್ಲ ಸಾರ್. ಬರ್ತೀನಿ ಸಾರ್."

ಆಯುಕ್ತರು ಕೂಡಲೇ ಪುರಭವನದ ಮ್ಯಾನೇಜರಿಗೆ ಫೋನು ಮಾಡಿದರು. "ನಿಮ್ಮ ಎರಡನೇ ಗುಮಾಸ್ತರು ಭಾನುವಾರ ವಾದ್ಯವೃಂದದಲ್ಲಿ ನುಡಿಸ್ತಿದ್ದಾರಂತೆ, ಹೌದಾ?" ಆ ಮ್ಯಾನೇಜರಿಗೆ ಮೇಲಿನವರ ಹತ್ತಿರ 'ಇಲ್ಲ' ಎನ್ನುವುದು ಗೊತ್ತೇ ಇರಲಿಲ್ಲ. "ಹೌದು ಸಾರ್! ಬಹಳ ಚೆನ್ನಾಗಿ ಸಾರ್!" ಎಂದು ಫೋನಿಟ್ಟು, ಬೆವರು ಒರೆಸಿಕೊಂಡು, ನೆಲಮಾಳಿಗೆಯಿಂದ ಭಾವನನ್ನು ಕರೆಸಿದರು. "ನೀವು ನುಡಿಸ್ತೀರೋ ಇಲ್ವೋ ನನಗೆ ಬೇಡ. ನುಡಿಸ್ತೀರಿ ಅಂತ ನಾನು ಹೇಳಿಯಾಗಿದೆ. ನಡೀರಿ," ಎಂದು ರಟ್ಟೆ ಹಿಡಿದು ವೇದಿಕೆಗೆ ಕರೆದೊಯ್ದರು.

ಅಲ್ಲಿ ತಾಲೀಮು ನಡೆದಿತ್ತು. ಎಂಬತ್ತು ಜನ ಅರ್ಧಚಂದ್ರಾಕಾರದಲ್ಲಿ ಕೂತಿದ್ದರು. ಮುಂದೆ ಪಿಟೀಲಿನವರು, ಅವರ ಹಿಂದೆ ಕೊಳಲು, ಹಿತ್ತಾಳೆ ಕೊಂಬುಗಳು, ಮೂಲೆಯಲ್ಲಿ ಹಂಡೆಯಂಥ ನಗಾರಿಗಳು. ಅವರೆಲ್ಲರ ಎದುರಿಗೆ ಒಂದು ಮರದ ಪೆಟ್ಟಿಗೆಯ ಮೇಲೆ, ಭಾವನ ಭುಜದೆತ್ತರವೂ ಇಲ್ಲದ, ಬಿಳಿ ತಲೆಯ ಒಬ್ಬ ಹೆಂಗಸು. ಕೈಯಲ್ಲಿ ಸಣ್ಣ ಕಡ್ಡಿ. ಆಕೆಯೇ ವಾದ್ಯವೃಂದದ ನಿರ್ದೇಶಕಿ. ಪುರಭವನದ ಸಿಬ್ಬಂದಿಯೆಲ್ಲ ಆಕೆಯನ್ನು ಬೆನ್ನ ಹಿಂದೆ ಕಡ್ಡಿ ಮೇಡಂ ಅನ್ನುತ್ತಿದ್ದರು. ಎದುರಿಗೆ ಯಾರೂ ಏನೂ ಅನ್ನುತ್ತಿರಲಿಲ್ಲ.

"ಮೇಡಂ, ಇವರನ್ನ ಭಾನುವಾರಕ್ಕೆ ಸೇರಿಸ್ಕೋಬೇಕು," ಎಂದರು ಮ್ಯಾನೇಜರ್. "ಮೇಲಿಂದ ಆದೇಶ."

"ಎಲ್ಲಿಗೆ ಸೇರಿಸ್ಕೋಬೇಕು?"

"ನಿಮ್ಮ ಪೈಕಿಗೇ ಮೇಡಂ. ಗಾಳಿ ವಾದ್ಯ."

ಎಂಬತ್ತು ತಲೆಗಳು ತಿರುಗಿದವು. ಕಡ್ಡಿ ಮೇಡಂ ಕನ್ನಡಕವನ್ನು ಹಣೆಗೇರಿಸಿ ಭಾವನನ್ನು ಮೇಲಿಂದ ಕೆಳಗೆ ನೋಡಿದರು. "ಯಾವುದು ನುಡಿಸ್ತೀರಿ? ಕೊಳಲಾ, ಕೊಂಬಾ?"

ಇಲ್ಲಿಗೆ ತಮ್ಮ ಕಥೆ ಮುಗಿಯಿತು, ಕೆಲಸವೂ ಹೋಯಿತು ಎಂದುಕೊಂಡ ಭಾವ ಕಣ್ಣು ಮುಚ್ಚಿ ನಿಜ ನುಡಿದರು. "ಗಾಳಿ ಯಂತ್ರ ಮೇಡಂ. ಕೆಳಗೆ ನೆಲಮಾಳಿಗೇಲಿದೆ. ಹಸಿರು ಬಣ್ಣದ್ದು."

ಕಡ್ಡಿ ಮೇಡಂ ಕೈಯಲ್ಲಿದ್ದ ಕಡ್ಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಪೆಟ್ಟಿಗೆಯಿಂದಿಳಿದು ಭಾವನ ಮೂಗಿನ ಹತ್ತಿರ ಬಂದು ನಿಂತರು.

"ಆ ಗುಂಯ್ ಅನ್ನೋದು ನೀವೇನಾ?"

"ಹೂಂ... ಮೇಡಂ."

"ಮೂರು ದಿನದಿಂದ ಹುಡುಕ್ತಿದ್ದೀನಿ ರೀ ನಿಮ್ಮನ್ನ! ಅದು ಬರೀ ಸದ್ದಲ್ಲ, ಅದೊಂದು ಸ್ವರ. ನಮ್ಮ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗಿದೆ. ಈ ಎಂಬತ್ತು ಜನರಲ್ಲಿ ಯಾರು ಶ್ರುತಿ ತಪ್ತಿದ್ದಾರೆ ಅಂತ ಒಬ್ಬೊಬ್ಬರನ್ನೇ ಬೈತಾ ಬಂದೆ. ನಿನ್ನೆ ಕೊಂಬಿನವರು ಅತ್ತೇಬಿಟ್ರು!"

ಹಿಂದಿನ ಸಾಲಿನಲ್ಲಿ ಕುಸ್ತಿ ಆಳಿನಂತಿದ್ದ ಕೊಂಬಿನವರು ಭಾವನನ್ನು ದುರುಗುಟ್ಟಿ ನೋಡಿದರು.

"ಹೋಗಿ, ನಿಲ್ಲಿಸಿ ಬನ್ನಿ. ಈಗಲೇ."

ಭಾವ ಬಿದ್ದೆನೋ ಎದ್ದೆನೋ ಎಂದು ಓಡಿ ಯಂತ್ರ ನಿಲ್ಲಿಸಿದರು. ತಾಲೀಮಿನ ಹೊತ್ತಿನಲ್ಲಿ ಅದು ನಿಂತದ್ದು ಅದೇ ಮೊದಲಂತೆ. ಮೆಟ್ಟಿಲು ಹತ್ತಿ ವಾಪಸು ಬರುತ್ತಿರುವಾಗ, ಅರ್ಧ ದಾರಿಯಲ್ಲಿ, ಮೇಲಿನಿಂದ ಏನೋ ಇಳಿದುಬಂತು. ಅದು ಕೊಂಬಿನ ದನಿ ಅಂತ ಅವರಿಗೆ ತಿಳಿಯಲಿಲ್ಲ. ಯಾರೋ ಬಹಳ ದೂರದಲ್ಲಿ ನಿಂತು, ಬೈಯದೆ, ಗದರದೆ, ತಮ್ಮನ್ನೇ ಕರೆದ ಹಾಗಾಯಿತಂತೆ. ಅದರ ಕೆಳಗೆ ಪಿಟೀಲುಗಳು ಸದ್ದೇ ಇಲ್ಲದಷ್ಟು ಮೆಲ್ಲಗೆ ಚಾಪೆ ಬಿಡಿಸಿದ ಹಾಗೆ ಹರಡಿಕೊಂಡವು. ಒಂದು ಕಾಲು ಮೇಲಿನ ಮೆಟ್ಟಿಲಿನಲ್ಲಿ, ಒಂದು ಕಾಲು ಕೆಳಗಿನದರಲ್ಲಿ ಇಟ್ಟುಕೊಂಡೇ ಭಾವ ನಿಂತುಬಿಟ್ಟರು. ಇಪ್ಪತ್ತೆರಡು ವರ್ಷ ಈ ಮೆಟ್ಟಿಲು ಹತ್ತಿ ಇಳಿದಿದ್ದೇನೆ, ನನ್ನ ತಲೆಯ ಮೇಲೆ ಇದು ನಡೀತಿತ್ತಾ ಎಂದು ಆಮೇಲೆ ನನ್ನನ್ನು ಕೇಳಿದರು.

ಅವರು ಮೇಲೆ ಬಂದಾಗ ಕಡ್ಡಿ ಮೇಡಂ ಮುಖ ಬೇರೆಯಾಗಿತ್ತು. ಕೊಂಬಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. ಈ ಸಲ ಅವಮಾನಕ್ಕಲ್ಲ.

ಯಂತ್ರವನ್ನು ಇಡೀ ಹೊತ್ತು ನಿಲ್ಲಿಸುವ ಹಾಗಿರಲಿಲ್ಲ. "ಸಾವಿರದಿನ್ನೂರು ಜನ ಬೆಂದುಹೋಗ್ತಾರೆ ಮೇಡಂ," ಎಂದು ಮ್ಯಾನೇಜರ್ ಕೈಮುಗಿದರು. ಕೊನೆಗೆ ಒಪ್ಪಂದವಾಯಿತು. ದೊಡ್ಡ ರೊಮ್ಯಾಂಟಿಕ್ ಸಿಂಫನಿಯಲ್ಲಿ ನಾಲ್ಕು ಭಾಗ. ಎರಡನೆಯ ಭಾಗ ಆ ಕೊಂಬಿನಿಂದ ಶುರುವಾಗುವ ನಿಧಾನದ್ದು, ಹನ್ನೆರಡು ನಿಮಿಷ. ಅಷ್ಟು ಹೊತ್ತು ಮಾತ್ರ ಯಂತ್ರ ನಿಲ್ಲಬೇಕು, ಮೂರನೆಯದು ಶುರುವಾದ ಕೂಡಲೇ ಮತ್ತೆ ಹೊರಡಬೇಕು. ತೊಡಕೇನೆಂದರೆ ಗುಂಡಿ ಒತ್ತಿದ ಮೇಲೆ ಆ ಯಂತ್ರ ಗೊಣಗುತ್ತ ಗೊಣಗುತ್ತ ಪೂರ್ತಿ ನಿಲ್ಲಲು ನಲವತ್ತು ಸೆಕೆಂಡು. ಅಂದರೆ ಮೊದಲನೆಯ ಭಾಗ ಮುಗಿಯುವುದಕ್ಕೆ ನಲವತ್ತು ಸೆಕೆಂಡು ಮುಂಚೆ, ಎಂಬತ್ತು ವಾದ್ಯ ಒಟ್ಟಿಗೆ ಭೋರ್ಗರೆಯುವಾಗ ಗುಂಡಿ ಒತ್ತಬೇಕು.

"ಗಡಿಯಾರ ನೋಡಿ ಒತ್ತಬೇಡಿ," ಎಂದರು ಕಡ್ಡಿ ಮೇಡಂ. "ನಾನು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರಲ್ಲ. ಸಂಗೀತ ಕೇಳಿ ಒತ್ತಿ. ಪಿಟೀಲುಗಳು ಮೆಟ್ಟಿಲಿಳಿದ ಹಾಗೆ ಮೂರು ಸಲ ಇಳಿಯುತ್ತವೆ. ಮೂರನೇ ಸಲ, ಕೊನೇ ಮೆಟ್ಟಿಲಲ್ಲಿ ನಾನು ನಿಮ್ಮ ಕಡೆ ನೋಡ್ತೀನಿ."

"ನನ್ನ ಕಡೆನಾ?"

"ನುಡಿಸೋರ ಕಡೆ ನೋಡ್ದೆ ಇನ್ಯಾರ ಕಡೆ ನೋಡ್ಲಿ? ನೀವು ನನ್ನ ಎಂಬತ್ತೊಂದನೆಯವರು."

ವಿದ್ಯುತ್ ಕೆಲಸದವರು ನೆಲಮಾಳಿಗೆಯಿಂದ ತಂತಿ ಎಳೆದು ಗುಂಡಿಯನ್ನು ವೇದಿಕೆಯ ಪಕ್ಕದ ಪರದೆಯ ಮರೆಗೆ ತಂದರು. ನಿಂತು ನುಡಿಸುವ ಆಳೆತ್ತರದ ಪಿಟೀಲುಗಳ ಹಿಂದೆ ಭಾವನಿಗೊಂದು ಕುರ್ಚಿ ಬಿತ್ತು.

ಉಳಿದ ದಿನಗಳಲ್ಲಿ ಭಾವ ಮನುಷ್ಯರಾಗಿ ಉಳಿಯಲಿಲ್ಲ. ಅನ್ನ ಕಲಸುತ್ತ "ಒಂದು ಇಳೀತು, ಎರಡು ಇಳೀತು" ಅನ್ನುವರು. ಮನೆಗೆ ಬಂದು ಫ್ಯಾನಿನ ಗುಂಡಿ ಒತ್ತಿ ಅಭ್ಯಾಸ ಮಾಡುವರು. ನಾನು ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿರಬೇಕು. ಗುರುವಾರ ಅಪ್ಪ ಅಕ್ಕನ ಮನೆ ಬಾಗಿಲಿಗೆ ಕಿವಿಗೊಟ್ಟು ಕೇಳಿದರು.

"ಕಚೇರಿ ಹತ್ರ ಬಂತು. ತಾಲೀಮಿನ ಸದ್ದೇ ಇಲ್ವಲ್ಲ?"

"ಅವರದು ಎಲ್ಲ ಮನಸ್ಸಲ್ಲೇ," ಎಂದಳು ಅಕ್ಕ, ಮುಖ ಬದಲಿಸದೆ.

"ದೊಡ್ಡ ವಿದ್ವಾಂಸರ ಲಕ್ಷಣ," ಎಂದು ಅಪ್ಪ ತುದಿಗಾಲಿನಲ್ಲಿ ನಡೆದು ಹೋದರು.

ನಿಜ ಸಂಗತಿ ನಮ್ಮ ಕಟ್ಟಡದಲ್ಲಿ ಅಕ್ಕನಿಗೆ, ನನಗೆ, ಕಂಡಕ್ಟರಿಗೆ ಮಾತ್ರ ಗೊತ್ತಿತ್ತು. ಕಂಡಕ್ಟರಿಗೆ ಭಾವ ತಾವಾಗಿಯೇ ಹೇಳಿದ್ದರು. ಅವರು ನಗಲಿಲ್ಲ. ಬಹಳ ಹೊತ್ತು ಯೋಚಿಸಿ, "ಕಷ್ಟದ ಕೆಲಸ ಸಾರ್," ಎಂದರು. "ಸ್ಟಾಪ್ ಬಂದ್ಮೇಲೆ ಹೋಲ್ಡಾನ್ ಅಂದ್ರೆ ಬಸ್ಸು ಮುಂದೆ ಹೋಗಿ ನಿಲ್ಲುತ್ತೆ. ಬರೋಕೆ ಮುಂಚೇನೇ ಅನ್ಬೇಕು. ಆದ್ರೆ ಅಯ್ಯೋ ಎಲ್ಲಿ ಮುಂದೆ ಹೋಗುತ್ತೋ ಅಂತ ಹೆದರಿ ಬೇಗ ಅಂದ್ರೆ, ಚರಂಡಿ ಪಕ್ಕ ನಿಲ್ಲುತ್ತೆ. ಹೆದರ್ಬೇಡಿ, ಅಷ್ಟೆ."

ಭಾನುವಾರ ನಾಲ್ಕು ಗಂಟೆಗೆ ನಾವೆಲ್ಲ ಮೂರನೇ ಸಾಲಿನಲ್ಲಿ ಕೂತಿದ್ದೆವು. ಅಪ್ಪ ನಡುವೆ, ಬಲಕ್ಕೆ ಆಯುಕ್ತರು ಕೈಕಟ್ಟಿಕೊಂಡು. ಮ್ಯಾನೇಜರ್ ಬಾಗಿಲ ಹತ್ತಿರ ನಿಂತೂ ನಿಲ್ಲದ ಹಾಗೆ ನಿಂತಿದ್ದರು. ವೇದಿಕೆಯ ಎಡಗಡೆ, ಪರದೆಯ ಅಂಚಿನಲ್ಲಿ ಭಾವನದು ಒಂದು ಮೊಣಕಾಲು ಮತ್ತು ಒಂದು ಕೈ ಮಾತ್ರ ಕಾಣುತ್ತಿತ್ತು. ನಮ್ಮ ಸಾಲು ಪೂರ್ತಿ ಆ ಮೊಣಕಾಲಿನ ಕಡೆಗೆ ವಾಲಿಕೊಂಡಿತ್ತು.

"ವಾದ್ಯ ಎಲ್ಲಿ?" ಅಪ್ಪ ಕೇಳಿದರು.

"ದೊಡ್ಡದಲ್ವಾ, ಮೇಲೆ ತರೋಕಾಗಲ್ಲ," ಎಂದಳು ಅಕ್ಕ.

ಮೊದಲು ಶಾಸ್ತ್ರೀಯ ಕಾಲದ ಒಂದು ಸಿಂಫನಿ ನುಡಿಸಿದರು. ಒಪ್ಪ ಓರಣವಾದ ಮನೆಯಲ್ಲಿ ಬೆಳಗಿನ ಬಿಸಿಲು ಬಿದ್ದ ಹಾಗಿತ್ತು ಅದು. ಇಟ್ಟದ್ದು ಇಟ್ಟಲ್ಲೇ, ಆದರೂ ಎಲ್ಲ ಹೊಳೆಯುತ್ತಿತ್ತು. ನಾನು ಚಿಕ್ಕಂದಿನಿಂದ ಗಡಿಯಾರದ ಹೊಟ್ಟೆ ನೋಡುತ್ತ ಬಂದವನು. ಅಷ್ಟು ಜನ, ಅಷ್ಟು ಹಲ್ಲುಚಕ್ರಗಳ ಹಾಗೆ, ಒಂದಕ್ಕೊಂದು ಉಜ್ಜಿಕೊಳ್ಳದೆ ತಿರುಗುವುದನ್ನು ನೋಡಿ ನನ್ನ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಪಕ್ಕದಲ್ಲಿ ಕಂಡಕ್ಟರ್ ಪೆಟ್ಟಿಗೆಯ ಮೇಲಿನ ಆ ಪುಟ್ಟ ಹೆಂಗಸನ್ನೇ ನೋಡುತ್ತಿದ್ದರು.

"ಎಂಬತ್ತು ಜನ," ಎಂದು ಉಸುರಿದರು. "ಒಬ್ಬರಿಗೂ 'ಒಳಗೆ ಹೋಗಿ, ಒಳಗೆ ಹೋಗಿ' ಅಂತ ಹೇಳ್ಬೇಕಾಗಿಲ್ಲ ನೋಡಿ."

ವಿರಾಮದ ನಂತರ ರೊಮ್ಯಾಂಟಿಕ್ ಸಿಂಫನಿ ಶುರುವಾಯಿತು. ಅದು ಮನೆಯಲ್ಲ, ಹೊರಗಿನ ಆಕಾಶ. ನಗಾರಿ ಗುಡುಗಿದಾಗ ನಮ್ಮ ಕುರ್ಚಿಗಳ ಕಾಲು ನಡುಗಿದವು. ದರ್ಜಿ ಹೆಂಡತಿಯ ಕೈ ಹಿಡಿದುಕೊಂಡ. ಹೆಂಡತಿ ಬಿಡಿಸಿಕೊಳ್ಳಲಿಲ್ಲ. ಆಯುಕ್ತರು ಮ್ಯಾನೇಜರಿನತ್ತ ತಿರುಗಿ ಹುಬ್ಬಿನಲ್ಲೇ 'ಎಲ್ಲಿ ಇವರದು?' ಅಂದರು. ಮ್ಯಾನೇಜರ್ ಕೈಸನ್ನೆಯಲ್ಲೇ 'ಬರುತ್ತೆ ಸಾರ್, ಬರುತ್ತೆ' ಅಂದರು.

ಆಗ ಪಿಟೀಲುಗಳು ಇಳಿಯತೊಡಗಿದವು. ಒಂದು. ಅಕ್ಕ ನನ್ನ ತೋಳು ಹಿಡಿದಳು. ಎರಡು. ಉಗುರು ನಾಟಿತು. ಮೂರನೆಯ ಸಲ ಇಳಿಯುವಾಗ ಇಡೀ ವಾದ್ಯವೃಂದ ಸಮುದ್ರದ ಹಾಗೆ ಎದ್ದು ನಿಂತಿತ್ತು. ಆ ಗದ್ದಲದ ನಡುವೆ ಕಡ್ಡಿ ಮೇಡಂ ಎಂಬತ್ತು ಜನರನ್ನೂ ಬಿಟ್ಟು ಎಡಕ್ಕೆ ತಿರುಗಿ, ಪರದೆಯ ಅಂಚಿಗೆ ನೋಡಿ, ಎಡಗೈಯನ್ನು ಹೂವು ಕೊಡುವ ಹಾಗೆ ಮುಂದೆ ಚಾಚಿದರು.

ಮೊಣಕಾಲಿನ ಪಕ್ಕದ ಆ ಕೈಯಲ್ಲಿ ಒಂದು ಬೆರಳು ಅಲುಗಿತು.

ಏನೂ ಆಗಲಿಲ್ಲ. ಸಂಗೀತ ಭೋರ್ಗರೆದು, ಏರಿ, ಕೊನೆಯ ಪೆಟ್ಟು ಹೊಡೆದು ನಿಂತಿತು. ನಿಂತ ಆ ಗಳಿಗೆಯಲ್ಲಿ ನನ್ನ ಕಿವಿಯೊಳಗೆ ಏನೋ ಬಿಚ್ಚಿಕೊಂಡ ಹಾಗಾಯಿತು. ಆ ಸಭಾಂಗಣದಲ್ಲಿ ಅಷ್ಟು ಹೊತ್ತು ಒಂದು ಗುಂಯ್ ಇತ್ತು ಎನ್ನುವುದು ಅದು ಹೋದ ಮೇಲೆ ಗೊತ್ತಾಯಿತು. ಸಾವಿರದಿನ್ನೂರು ಜನರ ಬೆನ್ನಿನಿಂದ ಯಾರೋ ಹೊರೆ ಇಳಿಸಿದ ಹಾಗೆ ಭುಜಗಳು ಕೆಳಗಿಳಿದವು. ಒಂದು ಕೆಮ್ಮು ಇಲ್ಲ, ಬಟ್ಟೆ ಸರಿದ ಸದ್ದಿಲ್ಲ. ಕಡ್ಡಿ ಮೇಡಂ ಕೈ ಎತ್ತದೆ ಆ ನಿಶ್ಶಬ್ದವನ್ನು ಕಾದರು, ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ಕಾದರು. ಆಮೇಲೆ ಅದರೊಳಗಿಂದ ಕೊಂಬು ಹುಟ್ಟಿತು.

ಆ ಹನ್ನೆರಡು ನಿಮಿಷದ ಬಗ್ಗೆ ನನಗೆ ಹೇಳಲು ಬರುವುದಿಲ್ಲ. ನಮ್ಮ ಸಾಲಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಅಷ್ಟು ಹೇಳಬಲ್ಲೆ.

ಮೂರನೆಯ ಭಾಗ ಶುರುವಾಯಿತು. ಯಂತ್ರ ಶುರುವಾಗಲಿಲ್ಲ.

ಬಾಗಿಲಲ್ಲಿ ಮ್ಯಾನೇಜರ್ ಕೈಯನ್ನು ಗಿರಗಿರ ತಿರುಗಿಸತೊಡಗಿದರು, ಫ್ಯಾನು, ಫ್ಯಾನು ಎಂಬ ಅರ್ಥದಲ್ಲಿ. ಸುತ್ತಲಿನವರು ಅವರು ಸಂಗೀತದಲ್ಲಿ ಮೈಮರೆತಿದ್ದಾರೆಂದು ತಿಳಿದರು. ಇಬ್ಬರು ಮೂವರು ತಾವೂ ಕೈ ತಿರುಗಿಸಿದರು. ಪರದೆಯ ಅಂಚಿನಲ್ಲಿ ಭಾವನ ಕೈ ಗುಂಡಿಯ ಮೇಲಿರಲಿಲ್ಲ. ಅದು ಅವರ ಕಣ್ಣಿನ ಮೇಲಿತ್ತು.

ಸೆಕೆ ಏರತೊಡಗಿತು. ಮೂರನೆಯ ಭಾಗ ಮುಗಿಯುವಷ್ಟರಲ್ಲಿ ಆಯುಕ್ತರು ಕೋಟು ಬಿಚ್ಚಿದರು. ನಾಲ್ಕನೆಯದರಲ್ಲಿ ಸಭಾಂಗಣ ಒಲೆಯಾಗಿತ್ತು. ಪಿಟೀಲಿನವರ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ನಗಾರಿಯವನ ಅಂಗಿ ಬೆನ್ನಿಗೆ ಅಂಟಿತ್ತು. ಒಬ್ಬರೂ ಎದ್ದು ಹೋಗಲಿಲ್ಲ. ಆ ಬಿಸಿ ಸಂಗೀತದ್ದೇ ಎಂದು ಎಲ್ಲರೂ ನಂಬಿದ್ದರು. ಮಾರನೆಯ ದಿನದ ಪತ್ರಿಕೆಯಲ್ಲಿ ವಿಮರ್ಶಕರು ಅದನ್ನೇ ಬರೆದರು: "ಇಂಥ ಉತ್ಕಟ ಅಂತಿಮ ಭಾಗವನ್ನು ನಾವು ಕೇಳಿರಲಿಲ್ಲ. ಬೆವರದ ಶ್ರೋತೃ ಒಬ್ಬರೂ ಇರಲಿಲ್ಲ." ಕೊನೆಯ ಸ್ವರ ಬಿದ್ದಾಗ ಸಾವಿರದಿನ್ನೂರು ಜನ ತೊಯ್ದು ತೊಪ್ಪೆಯಾಗಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಷ್ಟು ಹೊತ್ತು ಅನ್ನುವುದನ್ನು ಗಡಿಯಾರದವನಾದ ನಾನೂ ನೋಡಿಕೊಳ್ಳಲಿಲ್ಲ.

ವೇದಿಕೆಯ ಪಕ್ಕದ ಬಾಗಿಲಿಗೆ ನಾವು ಹೋದಾಗ ಭಾವ ಇನ್ನೂ ಕುರ್ಚಿಯಲ್ಲೇ ಇದ್ದರು. ಅಪ್ಪನನ್ನು ಕಂಡು ದಡಬಡಿಸಿ ಎದ್ದರು. ಕಣ್ಣು ಕೆಂಪಾಗಿತ್ತು.

"ಮಾವ, ನಾನು ವಿದ್ವಾಂಸ ಅಲ್ಲ. ನಂಗೆ ಯಾವ ವಾದ್ಯನೂ ಬರಲ್ಲ. ಕೆಳಗಿರೋ ಗಾಳಿ ಯಂತ್ರ ನಿಲ್ಲಿಸಿದೆ, ಅಷ್ಟೇ ನಾನು ಮಾಡಿದ್ದು. ಮತ್ತೆ ಶುರು ಮಾಡೋದು... ಮರೆತ್ಹೋಯ್ತು. ಸೋಮವಾರವೇ ಹೇಳ್ಬೇಕಾಗಿತ್ತು. ನೀವು ಚಹಾ ಕೊಟ್ರಿ, ಹೇಳಕ್ಕಾಗ್ಲಿಲ್ಲ."

ಆಯುಕ್ತರು ಕೈಯಲ್ಲಿದ್ದ ಕೋಟನ್ನು ನೋಡಿಕೊಂಡರು. ಮ್ಯಾನೇಜರ್ ಒಂದು ಕಂಬದ ಹಿಂದೆ ಸರಿದರು. ಅಪ್ಪನ ಕನ್ನಡಕದ ಗಾಜು ಮಬ್ಬಾಗಿತ್ತು, ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಆ ಕೊಂಬು ಶುರುವಾಗೋಕೆ ಮುಂಚೆ ಒಂದು ನಿಶ್ಶಬ್ದ ಬಂತಲ್ಲ," ಎಂದರು. "ಅದು ನೀನು ಮಾಡಿದ್ದಾ?"

'ನೀನು' ಅಂದರು. ಅಳಿಯಂದಿರೂ ಅಲ್ಲ, ಆ ಮನುಷ್ಯನೂ ಅಲ್ಲ. ನಮ್ಮಪ್ಪ 'ನೀನು' ಎನ್ನುವುದು ನನಗೆ ಮತ್ತು ಅಕ್ಕನಿಗೆ, ಬಿಟ್ಟರೆ ಚೆನ್ನಾಗಿ ಓದಿದ ಶಿಷ್ಯರಿಗೆ.

"ಹೂಂ ಮಾವ."

"ಮೂವತ್ತೈದು ವರ್ಷ 'ಸದ್ದು, ಸದ್ದು' ಅಂತ ಮೇಜು ಕುಟ್ಟಿದ್ದೀನಿ ಕಣೋ. ನಲವತ್ತು ಮಕ್ಕಳ ಕ್ಲಾಸಲ್ಲಿ ಒಂದು ಸಲನೂ ಅಂಥ ನಿಶ್ಶಬ್ದ ತರೋಕೆ ನನ್ನ ಕೈಲಾಗ್ಲಿಲ್ಲ." ಆಯುಕ್ತರತ್ತ ತಿರುಗಿದರು. "ಹೌದೇನೋ?"

"ಹೌದು ಸಾರ್," ಎಂದರು ಆಯುಕ್ತರು. "ಬಹಳ ಗಲಾಟೆ ಇತ್ತು ಸಾರ್."

ಅಷ್ಟರಲ್ಲಿ ಕಡ್ಡಿ ಮೇಡಂ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು ಬಂದರು. ಭಾವ ತಲೆ ತಗ್ಗಿಸಿದರು. ಆಕೆ ಅವರನ್ನು ಒಂದು ಗಳಿಗೆ ನೋಡಿ, "ಶುರು ಮಾಡೋದು ಮರೆತ್ರಿ," ಎಂದರು.

"ತಪ್ಪಾಯ್ತು ಮೇಡಂ."

"ನಾನೂ ನಿಮಗೆ ಸನ್ನೆ ಮಾಡೋದು ಮರೆತೆ," ಎಂದು ಹೇಳಿ, ಕೈಕುಲುಕಿ ಹೋಗಿಬಿಟ್ಟರು.

ನಾವು ನಡೆದುಕೊಂಡೇ ಮನೆಗೆ ಬಂದೆವು. ಹೊರಗೆ ತಂಗಾಳಿಯಿತ್ತು, ಒದ್ದೆ ಬಟ್ಟೆಗೆ ಹಿತವಾಗಿತ್ತು. ತಮ್ಮ ಬಸ್ಸೇ ಪಕ್ಕದಲ್ಲಿ ಹಾದು ಹೋದರೂ ಕಂಡಕ್ಟರ್ ತಿರುಗಿ ನೋಡಲಿಲ್ಲ. ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಮುಂದೆ ಅಪ್ಪ, ಅವರ ಹಿಂದೆ ಭಾವ, ಆಮೇಲೆ ನಾವು. ಮೊದಲ ತಿರುವಿನಲ್ಲಿ ಒಂದು ಸದ್ದು ಕೇಳಿಸಿತು. ನೀರಿನ ಕೊಳವೆಯೇನೋ ಅಂದುಕೊಂಡೆ. ಅಲ್ಲ. ಅಪ್ಪ ಗುನುಗುತ್ತಿದ್ದರು. ಹುಟ್ಟಿದಾಗಿನಿಂದ ಅವರ ಗಂಟಲಿನಲ್ಲಿ ನಾನು ಗದರಿಕೆ ಬಿಟ್ಟು ಬೇರೆ ಕೇಳಿದ್ದಿಲ್ಲ. ಅದು ಆ ಕೊಂಬಿನ ರಾಗವೇ, ಆದರೆ ಎತ್ತ ಎತ್ತಲೋ ವಾಲುತ್ತಿತ್ತು.

ಭಾವ ಒಂದು ಮೆಟ್ಟಿಲಿನಲ್ಲಿ ತಡೆದು ನಿಂತರು. ಅಪ್ಪನನ್ನು ತಿದ್ದಿದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

"ಮಾವ," ಎಂದರು ಭಾವ ಮೆಲ್ಲಗೆ. "ಅಲ್ಲಿ ಇಳಿಯಲ್ಲ. ಅಲ್ಲಿ ಒಂಚೂರು ಮೇಲೆ ಹೋಗುತ್ತೆ."

ಅಪ್ಪ ನಿಂತರು. ಕಂಬಿ ಹಿಡಿದುಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರು ಮಾಡಿದರು. ಆ ಜಾಗ ಬಂದಾಗ ಹಿಂದಿರುಗಿ ಭಾವನ ಮುಖ ನೋಡುತ್ತ, ಒಂಚೂರು ಮೇಲೆ ಹೋದರು.